ಹಾಸಿಗೆ ಯಾರದು, ಕಾಲು ಯಾರದು?

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಮಾಡಿದವರು ಹಾಸಿಗೆ ಇದ್ದವರು. ಗೋಣಿತಾಟಿನ ಮೇಲೆ ಮಂಡಿ ಮಡಚಿ ಮಲಗುವವನಿಗೆ ಈ ಗಾದೆಯನ್ನು ಯಾರೂ ಕಲಿಸಬೇಕಾಗಿಲ್ಲ. ಆದರೂ ತಲೆತಲಾಂತರದಿಂದ ಇದನ್ನು ಉಪದೇಶ ಮಾಡುತ್ತ ಬಂದಿರುವುದು ಅವನಿಗೇ. ಧಣಿಯ ಮನೆಯ ಮದುವೆಗೆ ಸಾಲ ತಂದರೆ ಅದು ಮನೆತನದ ಮರ್ಯಾದೆ. ಕೇರಿಯಲ್ಲಿ ಮದುವೆಗೆ ಸಾಲ ತಂದರೆ ಅದು ದುಂದು, ಬುದ್ಧಿಗೇಡಿತನ, 'ಇವರಿಗೆಲ್ಲ ಯಾಕೆ ಬೇಕಿತ್ತು'.

ಈ ಗಾದೆಯನ್ನೇ ತನ್ನ ಧರ್ಮಗ್ರಂಥ ಅಂತ ಹೇಳಿಕೊಳ್ಳುವ ಒಂದು ದೊಡ್ಡ ರಾಜಕೀಯ ಪಕ್ಷ ಅಮೆರಿಕಾದಲ್ಲಿದೆ. ಅದು ರಿಪಬ್ಲಿಕನ್ ಪಕ್ಷ. ಸರ್ಕಾರ ಚಿಕ್ಕದಿರಬೇಕು, ತೆರಿಗೆ ಕಡಿಮೆ ಇರಬೇಕು, ಆದಾಯಕ್ಕಿಂತ ಖರ್ಚು ಮೀರಬಾರದು, ಹುಟ್ಟುವ ಮಕ್ಕಳ ತಲೆ ಮೇಲೆ ಸಾಲ ಹೊರಿಸಬಾರದು. ಇವು ಅದರ ನಾಲ್ಕು ವೇದ. ವೇದ ಓದುವವರು ವೇದದಂತೆ ಬದುಕಿದ್ದಾರೆಯೆ ಎಂದು ಕೇಳುವುದು ನಮ್ಮ ಹಳೆಯ ಚಟ. ಇಲ್ಲಿಯೂ ಅದನ್ನೇ ಕೇಳಬೇಕಾಗಿದೆ.

ಕಥೆ ಕವಿತೆಗಳ ವಿಮರ್ಶೆ ಬರುವ ಜಾಗದಲ್ಲಿ ಬಜೆಟ್ಟಿನ ವಿಮರ್ಶೆ ಯಾಕೆ ಅಂತ ಕೆಲವು ಗೆಳೆಯರು ಮೂಗು ಮುರಿಯಬಹುದು. ಬಜೆಟ್ ಕೂಡ ಒಂದು ಕೃತಿಯೇ. ಅದಕ್ಕೂ ಕರ್ತೃ ಇದ್ದಾನೆ, ನಾಯಕ ಇದ್ದಾನೆ, ಖಳನಾಯಕ ಅಂತ ತೋರಿಸಲ್ಪಟ್ಟವನಿದ್ದಾನೆ, ಕಥೆಯಿಂದಲೇ ಆಚೆಗಿಟ್ಟ ಜನರಿದ್ದಾರೆ. ಇನ್ನು ಅಮೆರಿಕಾ ಯಾಕೆ ಅನ್ನುವವರಿಗೆ ಎರಡು ಉತ್ತರ. ಜೋತಿಬಾ ಫುಲೆಯವರು 1873ರಲ್ಲಿ 'ಗುಲಾಮಗಿರಿ'ಯನ್ನು ಅರ್ಪಿಸಿದ್ದು ಅಮೆರಿಕಾದ ಜನಕ್ಕೆ, ಕಪ್ಪು ಜನರನ್ನು ಗುಲಾಮಗಿರಿಯಿಂದ ಬಿಡಿಸಿದ್ದಕ್ಕೆ. ಆ ಕೆಲಸವನ್ನು ಮುಂದೆ ನಿಂತು ಮಾಡಿದ್ದು, ಫುಲೆಯವರು ಅರ್ಪಣೆ ಬರೆಯುವಾಗ ಅಧಿಕಾರದಲ್ಲಿದ್ದದ್ದು ಇದೇ ರಿಪಬ್ಲಿಕನ್ ಪಕ್ಷ. ಎರಡನೆಯದು ಬಾಬಾಸಾಹೇಬರು. ಅವರು ಕೊಲಂಬಿಯಾಕ್ಕೆ ಓದಲು ಹೋದದ್ದು 1913ರಲ್ಲಿ. ಅಮೆರಿಕಾದ ಸಂವಿಧಾನ ತಿದ್ದುಪಡಿಯಾಗಿ ಆದಾಯ ತೆರಿಗೆ ಕಾಯಂ ಆದದ್ದೂ ಅದೇ ವರ್ಷ. ಅವರ ಗುರು ಸೆಲಿಗ್‌ಮನ್ ಆ ತೆರಿಗೆಯ ಪರವಾಗಿ ವಾದಿಸಿದ್ದ ಅರ್ಥಶಾಸ್ತ್ರಜ್ಞ. ಬಾಬಾಸಾಹೇಬರನ್ನು ಬರೀ ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆ ಮಾಡಿಟ್ಟಿರುವ ನಾವು ಅವರು ಮೂಲತಃ ಸರ್ಕಾರಿ ಹಣಕಾಸಿನ ವಿದ್ವಾಂಸರು ಎಂಬುದನ್ನು ಮರೆತೇಬಿಟ್ಟಿದ್ದೇವೆ. 1927ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಬಜೆಟ್ ಮೇಲೆ ಮಾತಾಡುತ್ತ ಅವರು ಎತ್ತಿದ ಪ್ರಶ್ನೆ ಸರಳವಾಗಿತ್ತು: ಆದಾಯ ತೆರಿಗೆಯಲ್ಲಿ ಗಳಿಕೆ ಇಲ್ಲದವನನ್ನು ಬಿಡುತ್ತೀರಿ, ಭೂಕಂದಾಯದಲ್ಲಿ ಮಾತ್ರ ಬೆಳೆ ಬರಲಿ ಹೋಗಲಿ ಬಡ ರೈತನನ್ನು ಬಿಡುವುದಿಲ್ಲ, ಇದು ಯಾವ ನ್ಯಾಯ ಎಂದು. ಯಾರಿಂದ ತೆಗೆದಿರಿ, ಯಾರಿಗೆ ಕೊಟ್ಟಿರಿ? ಆ ಅಳತೆಗೋಲು ಕೈಯಲ್ಲಿದ್ದರೆ ಅಮೆರಿಕಾದ ಬಜೆಟ್ಟೂ ಓದಲು ಬರುತ್ತದೆ.

ರಿಪಬ್ಲಿಕನ್ ಪಕ್ಷ ಹುಟ್ಟಿದ್ದು 1854ರಲ್ಲಿ. ಹುಟ್ಟಿನಿಂದ ಅದೇನೂ ಕೈಬಿಗಿ ಹಿಡಿದ ಪಕ್ಷ ಆಗಿರಲಿಲ್ಲ. ಲಿಂಕನ್ನನ ಕಾಲದ 1862ರ ಹೋಮ್‌ಸ್ಟೆಡ್ ಕಾನೂನು ಅರ್ಜಿ ಹಾಕಿ ಉತ್ತವನಿಗೆ 160 ಎಕರೆಯನ್ನು ಹೆಚ್ಚೂಕಮ್ಮಿ ಪುಕ್ಕಟೆಯಾಗಿ ಕೊಟ್ಟಿತು. ಮುಂದಿನ ದಶಕಗಳಲ್ಲಿ ಹಾಗೆ ಹಂಚಿಹೋದದ್ದು ಸುಮಾರು 27 ಕೋಟಿ ಎಕರೆ. ಮೂಲನಿವಾಸಿ ಬುಡಕಟ್ಟುಗಳಿಂದ ಕಿತ್ತ ನೆಲ; ಪಡೆದವರು ಬಹುಪಾಲು ಬಿಳಿಯರು. ಅದನ್ನು ಯಾರೂ ಬಿಟ್ಟಿಭಾಗ್ಯ ಅನ್ನಲಿಲ್ಲ. ಬಿಡುಗಡೆಯಾದ ಗುಲಾಮರಿಗೆ 40 ಎಕರೆಯಂತೆ ಕೊಡಲು 1865ರ ಜನವರಿಯಲ್ಲಿ ಸೇನಾನಿ ಶೆರ್ಮನ್ ಹೊರಡಿಸಿದ ಆದೇಶ ಮಾತ್ರ ಅದೇ ವರ್ಷ ಮುರಿದುಬಿದ್ದು ನೆಲ ಹಳೆಯ ಧಣಿಗಳಿಗೇ ವಾಪಸಾಯಿತು. ಗುಲಾಮರಾಗಿದ್ದವರಿಗೆ ಶಾಲೆ, ಆಸ್ಪತ್ರೆ, ಅನ್ನ ಒದಗಿಸಲು ಮಾಡಿದ ಫ್ರೀಡ್‌ಮೆನ್ಸ್ ಬ್ಯೂರೋ ಎಂಬ ಇಲಾಖೆಯನ್ನು 1866ರಲ್ಲಿ ತಡೆಯಲು ಹೋದ ಅಧ್ಯಕ್ಷ ಆಂಡ್ರೂ ಜಾನ್ಸನ್ ಕೊಟ್ಟ ಕಾರಣಗಳಲ್ಲಿ ಒಂದು: ಖರ್ಚು ಜಾಸ್ತಿ. ಜಾನ್ಸನ್ ಮೂಲತಃ ಡೆಮಾಕ್ರಟ್. ರಿಪಬ್ಲಿಕನ್ನರು ಅವನನ್ನು ಮೀರಿ ನಿಂತು ಇಲಾಖೆಯನ್ನು ಉಳಿಸಿದರು, ಆ ಪುಣ್ಯ ಅವರಿಗೆ ಸಲ್ಲಲಿ. ಆದರೆ 1872ರಲ್ಲಿ ಅದಕ್ಕೆ ಬೀಗ ಬಿದ್ದದ್ದು ರಿಪಬ್ಲಿಕನ್ ಆಳ್ವಿಕೆಯಲ್ಲೇ, ಅಂದರೆ ಫುಲೆಯವರ ಅರ್ಪಣೆ ಅಚ್ಚಾಗುವ ಒಂದು ವರ್ಷ ಮೊದಲು. 'ಖರ್ಚು ಜಾಸ್ತಿ' ಅನ್ನುವ ಆ ಮಾತು ಮಾತ್ರ ಸಾಯಲಿಲ್ಲ. ನೂರು ವರ್ಷ ಕಳೆದ ಮೇಲೆ ಅದು ಲಿಂಕನ್ನನ ಪಕ್ಷದ ನಾಲಿಗೆಯ ಮೇಲೇ ಬಂದು ಕೂತಿತು.

ಮಧ್ಯದಲ್ಲಿ ಒಬ್ಬ ಪ್ರಾಮಾಣಿಕ ಜಿಪುಣ ಇದ್ದ, ಅವನನ್ನು ಬಿಟ್ಟು ಮುಂದೆ ಹೋದರೆ ನ್ಯಾಯವಾಗುವುದಿಲ್ಲ. ಅಧ್ಯಕ್ಷ ಐಸೆನ್‌ಹೋವರ್ ಕಾಲದಲ್ಲಿ 1956, 1957 ಮತ್ತು 1960ರಲ್ಲಿ ಬಜೆಟ್ ಮಿಗುತಾಯದಲ್ಲಿತ್ತು. ಆಗ ಅತಿ ಮೇಲಿನ ಆದಾಯದ ಮೇಲೆ ತೆರಿಗೆ ನೂರಕ್ಕೆ 91. ಅದನ್ನೆಲ್ಲ ಇಳಿಸು ಅಂತ ಸ್ವಂತ ಪಕ್ಷದವರೇ ಗಂಟುಬಿದ್ದಾಗ, ಮೊದಲು ಲೆಕ್ಕ ಸರಿಹೋಗಲಿ ಅಂದವನು ಅವನು. ಸಿದ್ಧಾಂತ ಅಂದರೆ ಅದು. ನಮಗೆ ಒಪ್ಪಿಗೆಯಾಗದೆ ಇರಬಹುದು, ಸುಳ್ಳು ಅನ್ನಲಾಗದು.

ಆ ಸಿದ್ಧಾಂತಕ್ಕೆ ನೀರು ಬಿಟ್ಟದ್ದು 1970ರ ದಶಕದಲ್ಲಿ, ಅದೂ ತೀರ ಬಹಿರಂಗವಾಗಿ. 1976ರಲ್ಲಿ ಜೂಡ್ ವಾನಿಸ್ಕಿ ಎಂಬ ಪತ್ರಕರ್ತ ಒಂದು ಲೇಖನ ಬರೆದ. ಅದರ ಸಾರ ಇಷ್ಟು: ಡೆಮಾಕ್ರಟರು ಸರ್ಕಾರಿ ಖರ್ಚಿನ ಮೂಟೆ ಹೊತ್ತು ಬರುವ ಸಾಂಟಾ ಕ್ಲಾಸ್. ರಿಪಬ್ಲಿಕನ್ನರು ಸಾಂಟಾನನ್ನು ಓಡಿಸುವ ಜಿಪುಣ ಮುದುಕನ ವೇಷ ಹಾಕಿಕೊಂಡು ಸೋಲುತ್ತಿದ್ದಾರೆ. ಅವರೂ ಒಂದು ಸಾಂಟಾ ಆಗಬೇಕು, ತೆರಿಗೆ ಕಡಿತದ ಸಾಂಟಾ. ಜೊತೆಗೆ ಅರ್ಥಶಾಸ್ತ್ರಿ ಲ್ಯಾಫರ್ ಒಂದು ಗೆರೆ ಎಳೆದು ತೋರಿಸುತ್ತಿದ್ದ: ತೆರಿಗೆ ದರ ಇಳಿಸಿದರೆ ದುಡಿಮೆ ಹೆಚ್ಚಿ, ಸರ್ಕಾರದ ಹುಂಡಿಗೆ ಇನ್ನೂ ಜಾಸ್ತಿ ಬಂದು ಬೀಳುತ್ತದೆ ಎಂದು. ಇದು ನಮಗೆ ಹೊಸದಲ್ಲ. ಬ್ರಾಹ್ಮಣನಿಗೆ ದಾನ ಕೊಟ್ಟರೆ ಮಳೆ ಬೆಳೆ ಚೆನ್ನಾಗಿ ಆಗುತ್ತದೆ, ನಿನಗೂ ಅದರ ಫಲ ಬರುತ್ತದೆ ಅಂತ ನಮಗೆ ಹೇಳುತ್ತಲೇ ಬಂದಿದ್ದಾರೆ. ಫಲ ಯಾವಾಗ ಬರುತ್ತದೆ ಎಂಬುದನ್ನು ಮಾತ್ರ ಎರಡೂ ಕಡೆಯ ಪುರೋಹಿತರು ಮುಂದಿನ ಜನ್ಮಕ್ಕೆ ಬಿಟ್ಟಿದ್ದಾರೆ.

ರೇಗನ್ ಬಂದ. 1981ರ ಜನವರಿಯಲ್ಲಿ ಅಧಿಕಾರ ಹಿಡಿದಾಗ, ನಾವು ಮಕ್ಕಳ ಭವಿಷ್ಯವನ್ನು ಅಡವಿಡುತ್ತಿದ್ದೇವೆ ಎಂಬ ಅರ್ಥದ ಮಾತಾಡಿದ. ಆಗಸ್ಟಿನಲ್ಲಿ ಮೇಲಿನ ಆದಾಯದ ತೆರಿಗೆ ನೂರಕ್ಕೆ 70ರಿಂದ 50ಕ್ಕೆ ಇಳಿಸುವ ಕಾನೂನಿಗೆ ಸಹಿ ಹಾಕಿದ. 1986ರ ಕಾನೂನು ಅದನ್ನು 28ಕ್ಕೆ ತಂದಿತು. 1980ರಲ್ಲಿ ಅಮೆರಿಕಾದ ಸಾಲ ಸುಮಾರು 91 ಸಾವಿರ ಕೋಟಿ ಡಾಲರ್ ಇತ್ತು, 1988ರಲ್ಲಿ ಅದು 2 ಲಕ್ಷ 60 ಸಾವಿರ ಕೋಟಿ. ಎಂಟು ವರ್ಷದಲ್ಲಿ ಒಂದು ಸಲವೂ ಅವನು ಸರಿದೂಗಿದ ಬಜೆಟ್ಟನ್ನು ಸಭೆಯ ಮುಂದಿಟ್ಟವನಲ್ಲ. 1982ರಲ್ಲಿ ಕೆಲವು ತೆರಿಗೆ ಏರಿಸಿದ್ದೂ ನಿಜ, ಅದನ್ನು ಅವನ ಭಕ್ತರು ಹೇಳುವುದಿಲ್ಲವಾದ್ದರಿಂದ ನಾವೇ ಹೇಳಬೇಕು.

ಈ ಕಾಲದ ಬಗ್ಗೆ ಓದಲೇಬೇಕಾದ ಸಾಕ್ಷಿ ರೇಗನ್ನನ ಬಜೆಟ್ ನಿರ್ದೇಶಕ ಡೇವಿಡ್ ಸ್ಟಾಕ್‌ಮನ್. ಮಿಷಿಗನ್ ರಾಜ್ಯದ ಹೊಲದ ಮನೆಯಿಂದ ಬಂದವನು, ಮೂವತ್ತೈದು ತುಂಬುವ ಮೊದಲೇ ಇಡೀ ದೇಶದ ಲೆಕ್ಕಪುಸ್ತಕ ಕೈಗೆ ಸಿಕ್ಕವನು. ಸಿದ್ಧಾಂತವನ್ನು ನಿಜವಾಗಿ ನಂಬಿದ್ದ. 1981ರ ಡಿಸೆಂಬರಿನ 'ಅಟ್ಲಾಂಟಿಕ್' ಪತ್ರಿಕೆಯಲ್ಲಿ ಪತ್ರಕರ್ತ ಗ್ರೈಡರ್ ಅವನ ಮಾತುಗಳನ್ನು ಪ್ರಕಟಿಸಿದಾಗ ವಾಷಿಂಗ್ಟನ್ನಿಗೆ ಬೆಂಕಿ ಬಿದ್ದಂತಾಯಿತು. ಎಲ್ಲರಿಗೂ ತೆರಿಗೆ ಕಡಿತ ಎಂಬುದು ಹೊರಗಿನ ಮರದ ಕುದುರೆ, ಒಳಗೆ ಅಡಗಿದ್ದದ್ದು ಮೇಲಿನವರ ದರವನ್ನು ಇಳಿಸುವ ಉದ್ದೇಶ ಎಂದು ಅವನೇ ಒಪ್ಪಿಕೊಂಡಿದ್ದ. ಅಂಕಿಗಳಲ್ಲಿ ಏನು ನಡೀತಿದೆ ಅಂತ ನಮಗ್ಯಾರಿಗೂ ಸರಿಯಾಗಿ ಗೊತ್ತಿಲ್ಲ ಎಂದೂ ಹೇಳಿದ್ದ.

1986ರಲ್ಲಿ ಅವನು ಬರೆದ 'ದಿ ಟ್ರಯಂಫ್ ಆಫ್ ಪಾಲಿಟಿಕ್ಸ್' ಪುಸ್ತಕವನ್ನು ತಪ್ಪೊಪ್ಪಿಗೆ ಎಂದು ಓದುವ ರೂಢಿ ಇದೆ. ನಾನು ಅದನ್ನು ವಿಡಂಬನ ಕಾದಂಬರಿಯ ಹಾಗೆ ಓದಿದೆ. ಅದರಲ್ಲಿ ಒಂದು ನಕ್ಷತ್ರ ಬರುತ್ತದೆ. ಬಜೆಟ್ಟಿನ ಕೂಡುವ ಕಳೆಯುವ ಲೆಕ್ಕ ಹೊಂದದೆ ಹೋದಾಗ, ಉಳಿತಾಯ ಎಲ್ಲಿಂದ ಬರುತ್ತದೆ ಎಂದು ಆಮೇಲೆ ಗುರುತಿಸಲಾಗುವುದು ಎಂಬ ಸಾಲು ಬರೆದು ಪಕ್ಕದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿಬಿಟ್ಟರು. ಸಾವಿರಾರು ಕೋಟಿ ಡಾಲರ್ ಆ ನಕ್ಷತ್ರದ ಹೊಟ್ಟೆಯೊಳಗೆ ಹೋಯಿತು. ನಮ್ಮ ಶಾನುಭೋಗರ ಲೆಕ್ಕದಲ್ಲೂ ಇಂಥ ನಕ್ಷತ್ರಗಳು ಇರುತ್ತಿದ್ದವು, ಆದರೆ ಅವರು ಅದಕ್ಕೆ ಅರ್ಥಶಾಸ್ತ್ರ ಅನ್ನುತ್ತಿರಲಿಲ್ಲ. ಇನ್ನೊಂದು ಕಡೆ ರಕ್ಷಣಾ ಕಾರ್ಯದರ್ಶಿ ವೈನ್‌ಬರ್ಗರ್ ಅಧ್ಯಕ್ಷರ ಮುಂದೆ ಮೂರು ಸಿಪಾಯಿಗಳ ಚಿತ್ರ ಹಿಡಿದು ಬರುತ್ತಾನೆ. ಒಬ್ಬ ಬಂದೂಕಿಲ್ಲದ ಕುಳ್ಳ, ಅದು ಹಿಂದಿನ ಕಾರ್ಟರ್ ಸರ್ಕಾರದ ಬಜೆಟ್. ಇನ್ನೊಬ್ಬ ಕನ್ನಡಕ ಹಾಕಿದ ನರಪೇತಲ, ಅದು ಸ್ಟಾಕ್‌ಮನ್ ಸೂಚಿಸಿದ ಕಡಿತದ ಬಜೆಟ್. ಮೂರನೆಯವನು ಮಷೀನ್‌ಗನ್ ಹಿಡಿದ ದಾಂಡಿಗ, ಅದು ತಾನು ಕೇಳುತ್ತಿರುವುದು. ದಾಂಡಿಗನೇ ಗೆದ್ದ ಅಂತ ಬೇರೆ ಹೇಳಬೇಕೆ?

ಸ್ಟಾಕ್‌ಮನ್ ಪ್ರಕಾರ ಕತ್ತರಿ ಬೀಳಬೇಕಾದದ್ದು ದುರ್ಬಲ ಜನರ ಮೇಲಲ್ಲ, ದುರ್ಬಲವಾದ ಬೇಡಿಕೆಗಳ ಮೇಲೆ. ಬಂಡವಾಳಗಾರ ಬೇಡಿದರೂ ಬೇಡಿಕೆ ಪೊಳ್ಳಾಗಿದ್ದರೆ ಕತ್ತರಿಸಬೇಕು. ರಫ್ತು ಮಾಡುವ ದೊಡ್ಡ ಕಂಪನಿಗಳ ಸಹಾಯಧನಕ್ಕೆ ಕೈ ಹಾಕಿದ, ತಡೆದರು. 1981ರ ಬಜೆಟ್ಟಿಗೆ ಓಟು ಕೂಡಿಸಲು ಸಕ್ಕರೆ ಬೆಳೆಗಾರರ ಸಹಾಯಕ್ಕೆ ಒಪ್ಪಿಕೊಳ್ಳಬೇಕಾಯಿತು. ಕೊನೆಗೆ ಕತ್ತರಿಗೆ ಸುಲಭವಾಗಿ ಸಿಕ್ಕಿದ್ದು ಶಾಲೆಯ ಮಧ್ಯಾಹ್ನದ ಊಟ, ಅನ್ನದ ಚೀಟಿ, ಗಂಡನಿಲ್ಲದ ತಾಯಂದಿರಿಗೆ ಕೊಡುವ ಕಾಸು. ಆ ವರ್ಷದ ಸೆಪ್ಟೆಂಬರಿನಲ್ಲಿ ಕೃಷಿ ಇಲಾಖೆ ಹೊರಡಿಸಿದ ಕರಡು ನಿಯಮದ ಪ್ರಕಾರ ಶಾಲೆಯ ಊಟದಲ್ಲಿ ಕೆಚಪ್ಪನ್ನೂ ತರಕಾರಿ ಅಂತ ಲೆಕ್ಕ ಹಿಡಿಯಬಹುದಿತ್ತು. ಜನ ಉಗಿದ ಮೇಲೆ ವಾಪಸ್ ತೆಗೆದುಕೊಂಡರು. ಅದೇ ತಿಂಗಳು ಅಧ್ಯಕ್ಷರ ಮನೆಗೆ 2 ಲಕ್ಷ 9 ಸಾವಿರ ಡಾಲರಿನ ಹೊಸ ಪಿಂಗಾಣಿ ತಟ್ಟೆಗಳು ಬರುವ ಸುದ್ದಿ ಬಂತು. ತಟ್ಟೆಯ ದುಡ್ಡು ಸರ್ಕಾರದ್ದಲ್ಲ, ದಾನಿಗಳದ್ದು. ಅದೂ ಸರಿಯೇ, ಆ ದೇಶದಲ್ಲಿ ಯಾರ ತಟ್ಟೆಗೆ ದಾನಿಗಳು ಸಿಗುತ್ತಾರೆ ಎಂಬುದೂ ಅದರಿಂದ ಗೊತ್ತಾಗುತ್ತದೆ.

ಯಾಕೆ ಕತ್ತರಿ ಅತ್ತ ಕಡೆಗೇ ಹೋಗುತ್ತದೆ? ಅದಕ್ಕೆ ಒಂದು ಕಥೆ ಬೇಕಿತ್ತು. ಆ ಕಥೆಯನ್ನು 1976ರ ಚುನಾವಣಾ ಪ್ರಚಾರದಲ್ಲಿ ರೇಗನ್ ಊರೂರಿಗೆ ಹೇಳಿಕೊಂಡು ಬಂದಿದ್ದ: ಶಿಕಾಗೋದಲ್ಲಿ ಒಬ್ಬ ಹೆಂಗಸು ಎಂಬತ್ತು ಹೆಸರು ಇಟ್ಟುಕೊಂಡು ವರ್ಷಕ್ಕೆ ಒಂದೂವರೆ ಲಕ್ಷ ಡಾಲರ್ ಸರ್ಕಾರಿ ನೆರವನ್ನು ನುಂಗುತ್ತಾಳೆ ಎಂದು. ಅಂಥ ಒಬ್ಬ ವಂಚಕಿ ಇದ್ದದ್ದು ನಿಜ. 1977ರಲ್ಲಿ ನ್ಯಾಯಾಲಯದಲ್ಲಿ ಸಾಬೀತಾದ ನೆರವಿನ ವಂಚನೆ ಒಂಬತ್ತು ಸಾವಿರ ಡಾಲರಿಗೂ ಕಡಿಮೆ. ಒಬ್ಬಳ ಕಥೆಯನ್ನು ಹಿಡಿದು ಲಕ್ಷಾಂತರ ತಾಯಂದಿರನ್ನು 'ನೆರವಿನ ರಾಣಿಯರು' ಮಾಡಿದರು. ಕೇಳುತ್ತಿದ್ದ ಬಿಳಿಯನ ಕಣ್ಣಿಗೆ ಆ ರಾಣಿಯ ಚರ್ಮದ ಬಣ್ಣ ಕಾಣುತ್ತಿತ್ತು, ರೇಗನ್ ಅದನ್ನು ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. 'ಸರ್ಕಾರಿ ಅಳಿಯಂದಿರು' ಎಂಬ ಮಾತು ನಮ್ಮ ಕಚೇರಿಗಳಲ್ಲಿ ಯಾರ ಬೆನ್ನಿಗೆ ಬೀಳುತ್ತದೆ ಎಂದು ಬಲ್ಲವರಿಗೆ ಈ ವಿದ್ಯೆ ಅರ್ಥವಾಗುತ್ತದೆ.

ಇದನ್ನು ನಾನು ಊಹಿಸಿ ಹೇಳುತ್ತಿಲ್ಲ. ರೇಗನ್ನನ ಶ್ವೇತಭವನದಲ್ಲಿದ್ದ ಚುನಾವಣಾ ತಂತ್ರಗಾರ ಲೀ ಆಟ್‌ವಾಟರ್ 1981ರಲ್ಲಿ ಒಬ್ಬ ರಾಜ್ಯಶಾಸ್ತ್ರದ ವಿದ್ವಾಂಸನಿಗೆ ಕೊಟ್ಟ ಸಂದರ್ಶನದ ಧ್ವನಿಮುದ್ರಿಕೆ 2012ರಲ್ಲಿ ಹೊರಬಂತು. ಅದರಲ್ಲಿ ಅವನು ಪಾಠ ಹೇಳಿದಂತೆ ಹೇಳುತ್ತಾನೆ: 1954ರಲ್ಲಿ ಕಪ್ಪು ಜನರನ್ನು ನೇರವಾಗಿ ಬೈಯಬಹುದಿತ್ತು, 1968ರ ಹೊತ್ತಿಗೆ ಅದು ತಿರುಗಿ ಹೊಡೆಯತೊಡಗಿತು, ಆದ್ದರಿಂದ ರಾಜ್ಯಗಳ ಹಕ್ಕು ಇತ್ಯಾದಿ ಮಾತು ಬಂತು, ಈಗ ಮಾತು ಇನ್ನಷ್ಟು ಅಮೂರ್ತವಾಗಿ ತೆರಿಗೆ ಕಡಿತಕ್ಕೆ ಬಂದು ನಿಂತಿದೆ, ಪೂರ್ತಿ ಆರ್ಥಿಕ ವಿಷಯ, ಆದರೆ ಅದರ ಪರಿಣಾಮದಲ್ಲಿ ಬಿಳಿಯರಿಗಿಂತ ಕಪ್ಪು ಜನಕ್ಕೆ ಹೆಚ್ಚು ಪೆಟ್ಟು ಬೀಳುತ್ತದೆ. ಬೈಗುಳ ಬಜೆಟ್ ಆದ ಬಗೆಯನ್ನು ಇದಕ್ಕಿಂತ ಚೆನ್ನಾಗಿ ಯಾವ ವಿಮರ್ಶಕನೂ ಹೇಳಲಾರ. ವಿಚಿತ್ರ ಏನೆಂದರೆ ಅನ್ನದ ಚೀಟಿ ಪಡೆಯುವವರಲ್ಲಿ ಅತಿ ದೊಡ್ಡ ಗುಂಪು ಬಿಳಿಯರದೇ. ಪಕ್ಕದವನ ತಟ್ಟೆ ಕಿತ್ತುಕೊಳ್ಳುತ್ತಾರೆ ಅಂತ ಕುಶಿಯಿಂದ ಓಟು ಹಾಕಿ ಬಂದವನ ತಟ್ಟೆಯೂ ಅದರ ಜೊತೆಗೇ ಹೋಗುತ್ತದೆ. ಬಡ ಸವರ್ಣನ ಪಾಡು ನಮ್ಮಲ್ಲೂ ಬೇರೆಯೇನಲ್ಲ.

ಅತ್ತೆ ಒಡೆದರೆ ಹಳೆಯ ಗಡಿಗೆ, ಸೊಸೆ ಒಡೆದರೆ ಹೊಸ ಗಡಿಗೆ ಅನ್ನುತ್ತಾರಲ್ಲ, ಅಲ್ಲಿಂದ ಮುಂದಿನ ಮೂವತ್ತು ವರ್ಷದ ಚರಿತ್ರೆ ಅಷ್ಟೇ. ಅಪ್ಪ ಬುಷ್ 1988ರಲ್ಲಿ ಹೊಸ ತೆರಿಗೆ ಹಾಕುವುದಿಲ್ಲ ಅಂತ ಆಣೆ ಇಟ್ಟು, 1990ರಲ್ಲಿ ಖೋತಾ ನೋಡಿ ಹೆದರಿ ಹಾಕಿದ. ಲೆಕ್ಕ ಸರಿಮಾಡಲು ಹೊರಟ ಆ ತಪ್ಪಿಗೆ ಸ್ವಪಕ್ಷದವರು ಅವನನ್ನು ಎಂದೂ ಕ್ಷಮಿಸಲಿಲ್ಲ, 1992ರಲ್ಲಿ ಸೋತ. ಆಮೇಲೆ ಗ್ರೋವರ್ ನಾರ್ಕ್ವಿಸ್ಟ್ ಎಂಬಾತ 1986ರಿಂದ ಹಂಚುತ್ತಿದ್ದ ಪ್ರತಿಜ್ಞಾಪತ್ರಕ್ಕೆ ಸಹಿ ಹಾಕದೆ ಪಕ್ಷದಲ್ಲಿ ಟಿಕೆಟ್ಟು ಗಿಟ್ಟಿಸುವುದೇ ಕಷ್ಟವಾಯಿತು. ಆ ಪತ್ರದಲ್ಲಿ ತೆರಿಗೆ ಏರಿಸುವುದಿಲ್ಲ ಎಂಬ ಆಣೆ ಇದೆ. ಸಾಲ ಮಾಡುವುದಿಲ್ಲ ಎಂಬ ಆಣೆ ಇಲ್ಲ. ಇಡೀ ಪಕ್ಷದ ಮೇಲೆ ಇದಕ್ಕಿಂತ ದೊಡ್ಡ ವ್ಯಾಖ್ಯಾನ ಬೇಕಾಗಿಲ್ಲ.

1993ರಲ್ಲಿ ಕ್ಲಿಂಟನ್ ಮೇಲಿನವರ ತೆರಿಗೆ ಏರಿಸಿದಾಗ ಎರಡೂ ಸಭೆಗಳಲ್ಲಿ ಒಬ್ಬನೇ ಒಬ್ಬ ರಿಪಬ್ಲಿಕನ್ ಓಟು ಹಾಕಲಿಲ್ಲ. 1998ರಿಂದ 2001ರವರೆಗೆ ನಾಲ್ಕು ವರ್ಷ ಮಿಗುತಾಯ ಬಂತು. ಅದರಲ್ಲಿ ಆ ಹೊತ್ತಿನ ರಿಪಬ್ಲಿಕನ್ ಸಭೆಯ ಪಾಲೂ ಇತ್ತು, ಷೇರುಪೇಟೆಯ ಜೂಜಿನ ಪಾಲೂ ಇತ್ತು. ಮಗ ಬುಷ್ ಬಂದು 2001ರಲ್ಲಿ ಒಂದು, 2003ರಲ್ಲಿ ಇನ್ನೊಂದು ತೆರಿಗೆ ಕಡಿತ ಮಾಡಿ, ನಡುವೆ ಎರಡು ಯುದ್ಧ ಹೂಡಿದ. ಯುದ್ಧಕ್ಕೆ ತೆರಿಗೆ ಏರಿಸುವುದು ಹಳೆಯ ಪದ್ಧತಿ. ಇವನು ಯುದ್ಧ ಹೊರಟು ತೆರಿಗೆ ಇಳಿಸಿದ. ಇದೇನು ಹೀಗೆ ಎಂದು ಕೇಳಿದ ಖಜಾನೆ ಕಾರ್ಯದರ್ಶಿ ಪಾಲ್ ಓ'ನೀಲ್‌ಗೆ ಉಪಾಧ್ಯಕ್ಷ ಚೇನಿ, ಖೋತಾ ಏನೂ ಲೆಕ್ಕಕ್ಕಿಲ್ಲ ಅಂತ ರೇಗನ್ ತೋರಿಸಿಕೊಟ್ಟಿದ್ದಾನಲ್ಲ ಎಂದನಂತೆ. ಓ'ನೀಲ್ ಹೇಳಿಕೊಂಡಿರುವ ಮಾತಿದು. 2002ರ ಡಿಸೆಂಬರಿನಲ್ಲಿ ಓ'ನೀಲ್‌ನನ್ನು ಮನೆಗೆ ಕಳಿಸಿದರು. ಬುಷ್ ಬಂದಾಗ 5.7 ಲಕ್ಷ ಕೋಟಿ ಡಾಲರ್ ಇದ್ದ ಸಾಲ ಹೋಗುವಾಗ 10.6 ಲಕ್ಷ ಕೋಟಿ.

2009ರಲ್ಲಿ ಶ್ವೇತಭವನಕ್ಕೆ ಒಬ್ಬ ಕಪ್ಪು ಮನುಷ್ಯ ಬಂದ. ತಕ್ಷಣ ಖೋತಾ ಮತ್ತೆ ಮಹಾಪಾಪವಾಯಿತು. 2011ರಲ್ಲಿ, ಆಗಲೇ ಮಾಡಿದ ಖರ್ಚಿನ ಸಾಲ ತೀರಿಸಲೂ ಬಿಡುವುದಿಲ್ಲ ಅಂತ ಹಟ ಹಿಡಿದು ಕೂತು, ಆಗಸ್ಟಿನಲ್ಲಿ ಅಮೆರಿಕಾದ ಸಾಲದ ದರ್ಜೆ ಇಳಿಯುವ ಹಾಗೆ ಮಾಡಿದರು. ಟ್ರಂಪ್ ಬಂದ ಮೇಲೆ 2017, 2018, 2019ರಲ್ಲಿ ಅದೇ ಸಾಲದ ಮಿತಿಯನ್ನು ಸದ್ದಿಲ್ಲದೆ ಸಡಿಲ ಮಾಡಿಕೊಂಡರು. ಎಂಟು ವರ್ಷದಲ್ಲಿ ಸಾಲ ಪೂರ್ತಿ ತೀರಿಸಿಬಿಡುತ್ತೇನೆ ಅಂತ 2016ರಲ್ಲಿ ಹೇಳಿದ್ದ ಟ್ರಂಪ್ 2017ರ ಡಿಸೆಂಬರಿನಲ್ಲಿ ಕಂಪನಿಗಳ ತೆರಿಗೆಯನ್ನು ನೂರಕ್ಕೆ 35ರಿಂದ 21ಕ್ಕೆ ಇಳಿಸಿದ. ಕೋವಿಡ್ ಬರುವ ಮೊದಲೇ, ದೇಶದಲ್ಲಿ ನಿರುದ್ಯೋಗ ತೀರ ಕಡಿಮೆ ಇದ್ದಾಗಲೇ, 2019ರ ಖೋತಾ ಹತ್ತಿರಹತ್ತಿರ 1 ಲಕ್ಷ ಕೋಟಿ ಡಾಲರ್. ಕೋವಿಡ್ ಕಾಲದ ಸಾಲಕ್ಕೆ ಯಾರನ್ನೂ ದೂರುವುದು ಬೇಡ. ಅದು ಸಾಲ ಮಾಡಲೇಬೇಕಾದ ಕಾಲ.

ಇಷ್ಟು ಹೇಳಿ, ನೋಡಿ ಇವರು ಕಪಟಿಗಳು, ನುಡಿದಂತೆ ನಡೆಯುವುದಿಲ್ಲ ಎಂದು ಕೈತೊಳೆದುಕೊಳ್ಳುವುದು ಅಮೆರಿಕಾದ ಉದಾರವಾದಿಗಳಿಗೆ ಪ್ರಿಯವಾದ ವಿಮರ್ಶೆ. ಅದು ಅರ್ಧ ವಿಮರ್ಶೆ. ನುಡಿದಂತೆ ನಡೆದ ಕಡೆ ಏನಾಯಿತು ಅಂತ ನೋಡಬೇಕು. ಅದಕ್ಕೆ ಕಾನ್ಸಾಸ್ ರಾಜ್ಯಕ್ಕೆ ಹೋಗಬೇಕು. ಕೇಂದ್ರ ಸರ್ಕಾರದ ಹಾಗೆ ಈ ರಾಜ್ಯ ಸಾಲ ಮಾಡಿ ಖೋತಾ ತುಂಬುವಂತಿಲ್ಲ, ಲೆಕ್ಕ ಸರಿದೂಗಿಸಲೇಬೇಕು. ಆದ್ದರಿಂದ ಮುಸುಕು ಬೇಗ ಜಾರುತ್ತದೆ.

2012ರಲ್ಲಿ ಅಲ್ಲಿನ ರಿಪಬ್ಲಿಕನ್ ರಾಜ್ಯಪಾಲ ಸ್ಯಾಮ್ ಬ್ರೌನ್‌ಬ್ಯಾಕ್ ಆದಾಯ ತೆರಿಗೆ ಇಳಿಸಿದ್ದಲ್ಲದೆ, ಕಂಪನಿ ಮಾಲೀಕರ ಕೈಗೆ ನೇರವಾಗಿ ಹೋಗುವ ಒಂದು ಬಗೆಯ ವ್ಯಾಪಾರದ ಆದಾಯಕ್ಕೆ ರಾಜ್ಯದ ತೆರಿಗೆಯನ್ನು ಪೂರ್ತಿ ಮಾಫಿ ಮಾಡಿದ. ಕೂಲಿಯವನ ಸಂಬಳಕ್ಕೆ ತೆರಿಗೆ, ಅವನ ಧಣಿಯ ಲಾಭಕ್ಕೆ ಇಲ್ಲ! ಸಲಹೆಗೆ ಅದೇ ಲ್ಯಾಫರನನ್ನು ಹಣ ಕೊಟ್ಟು ಕರೆಸಿದ್ದರು. ಇದೊಂದು ಜೀವಂತ ಪ್ರಯೋಗ ಅಂತ ಬ್ರೌನ್‌ಬ್ಯಾಕ್ ತಾನೇ ಕರೆದುಕೊಂಡ. ಬರುತ್ತದೆಂದ ಹಣ ಬರಲಿಲ್ಲ. ರಸ್ತೆಗೆ ಎತ್ತಿಟ್ಟ ದುಡ್ಡನ್ನು ಎತ್ತಿಕೊಂಡರು. 2015ರಲ್ಲಿ ಕೆಲವು ಶಾಲೆಗಳು ದುಡ್ಡಿಲ್ಲದೆ ಅವಧಿಗೆ ಮೊದಲೇ ಬಾಗಿಲು ಹಾಕಿದವು. ಆಗ ಲೆಕ್ಕ ಸರಿದೂಗಿಸಲು ಅವರು ಏನು ಮಾಡಿದರು ಎಂಬುದೇ ಈ ಇಡೀ ಕಥೆಯ ತಿರುಳು: ಮಾರಾಟ ತೆರಿಗೆಯನ್ನು ನೂರಕ್ಕೆ 6.15ರಿಂದ 6.5ಕ್ಕೆ ಏರಿಸಿದರು. ಕಾನ್ಸಾಸಿನಲ್ಲಿ ಆಗ ಆ ತೆರಿಗೆ ದಿನಸಿಗೂ ಬೀಳುತ್ತಿತ್ತು. ಬ್ರೆಡ್ಡಿಗೆ, ಹಾಲಿಗೆ, ಮೊಟ್ಟೆಗೆ.

ತೆರಿಗೆ ಏರಿಸಬಾರದು ಎಂಬ ವೇದ ಎಲ್ಲಿಗೆ ಹೋಯಿತು? ಎಲ್ಲಿಗೂ ಹೋಗಲಿಲ್ಲ. ಅದು ಬ್ರೆಡ್ಡು ಕೊಳ್ಳುವವನಿಗಾಗಿ ಬರೆದ ವೇದವಾಗಿರಲಿಲ್ಲ. ಬಾಬಾಸಾಹೇಬರು 1927ರಲ್ಲಿ ಕಂದಾಯದ ಬಗ್ಗೆ ಆಡಿದ ಮಾತನ್ನು ಇಲ್ಲಿ ಹಾಗೆಯೇ ಇಡಬಹುದು.

ಶಾಲೆಗೆ ಸಾಲುವಷ್ಟು ಕೊಡುತ್ತಿಲ್ಲ ಅಂತ 2017ರ ಮಾರ್ಚಿನಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಕಪ್ಪು ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಕ್ಕಳಿಗೆ ಓದು ಮತ್ತು ಲೆಕ್ಕದಲ್ಲಿ ಬರಬೇಕಾದಷ್ಟೂ ಬಂದಿಲ್ಲ ಅಂತ ಅದರಲ್ಲಿ ಬರೆದಿದೆ. ಕಪ್ಪು ಮಕ್ಕಳನ್ನು ಬೇರೆ ಶಾಲೆಯಲ್ಲಿ ಕೂರಿಸುವುದು ಸಂವಿಧಾನಕ್ಕೆ ವಿರುದ್ಧ ಎಂದು ದೇಶದ ನ್ಯಾಯಾಲಯ 1954ರಲ್ಲಿ ಹೇಳಿದ ಬ್ರೌನ್ ಮೊಕದ್ದಮೆ ಹುಟ್ಟಿದ್ದು ಇದೇ ಕಾನ್ಸಾಸಿನ ಟೊಪೀಕಾ ಊರಿನಲ್ಲಿ. ಬಾಗಿಲು ತೆಗೆಸಿದ್ದು ನ್ಯಾಯಾಲಯ. ಒಳಗೆ ಪಾಠ ಆಗದ ಹಾಗೆ ಮಾಡಲು ಬಜೆಟ್ ಸಾಕು. ಕೊನೆಗೆ 2017ರ ಜೂನಿನಲ್ಲಿ ರಿಪಬ್ಲಿಕನ್ನರೇ ಬಹುಮತದಲ್ಲಿದ್ದ ಶಾಸನಸಭೆ ಬ್ರೌನ್‌ಬ್ಯಾಕನ ವಿಟೋ ಮೀರಿ ಆ ಕಡಿತಗಳನ್ನು ಬಹುಮಟ್ಟಿಗೆ ಕಿತ್ತುಹಾಕಿತು. ಆ ಶಾಸಕರ ಬಗ್ಗೆ ನನಗೆ ಗೌರವವಿದೆ. ವಾಷಿಂಗ್ಟನ್ನಿನ ಅವರ ಅಣ್ಣಂದಿರು ಅದರಿಂದ ಏನೂ ಕಲಿಯಲಿಲ್ಲ. ಅದೇ ವರ್ಷದ ಡಿಸೆಂಬರಿನಲ್ಲೇ ದೇಶದ ಮಟ್ಟದಲ್ಲಿ ಕಡಿತ ಮಾಡಿದರು.

ಇನ್ನು 2025. ಆ ವರ್ಷದ ಮೇ ತಿಂಗಳಲ್ಲಿ ಮೂಡೀಸ್ ಸಂಸ್ಥೆ ಅಮೆರಿಕಾದ ಸಾಲದ ದರ್ಜೆಯನ್ನು ಇಳಿಸಿತು. ಜುಲೈ 4ರಂದು ಟ್ರಂಪ್ ತಾನೇ ದೊಡ್ಡದು, ಸುಂದರ ಅಂತ ಹೆಸರಿಟ್ಟ ಮಸೂದೆಗೆ ಸಹಿ ಹಾಕಿದ. ಅಮೆರಿಕಾ ಸಂಸತ್ತಿನ ಬಜೆಟ್ ಕಚೇರಿಯ ಅಂದಾಜಿನಂತೆ ಅದರಿಂದ ಹತ್ತು ವರ್ಷದಲ್ಲಿ ಖೋತಾ 3.4 ಲಕ್ಷ ಕೋಟಿ ಡಾಲರ್ ಬೆಳೆಯುತ್ತದೆ. ಸಾಲದ ಮಿತಿಯನ್ನು ಅದೇ ಕಾನೂನಿನಲ್ಲಿ 5 ಲಕ್ಷ ಕೋಟಿ ಏರಿಸಿಕೊಂಡರು. 2011ರಲ್ಲಿ ಇದೇ ಮಿತಿಗಾಗಿ ದೇಶವನ್ನು ಬಾವಿಯ ಕಟ್ಟೆಯ ಮೇಲೆ ನಿಲ್ಲಿಸಿದವರ ಪಕ್ಷ ಇದು. ಆ ಹೊತ್ತಿಗೆ ಸ್ಟಾಕ್‌ಮನ್ನನ ನಕ್ಷತ್ರ ಚಿಹ್ನೆಗೂ ವಯಸ್ಸಾಗಿತ್ತು. ಸೆನೆಟ್ಟಿನವರು ಹೊಸ ಉಪಾಯ ಕಂಡುಹಿಡಿದರು: 2017ರ ಕಡಿತಗಳು ಹೇಗೂ ಜಾರಿಯಲ್ಲಿವೆ, ಆದ್ದರಿಂದ ಅವನ್ನು ಮುಂದುವರಿಸುವುದಕ್ಕೆ ತಗಲುವ ವೆಚ್ಚ ಸೊನ್ನೆ! ಕಳೆದ ವರ್ಷವೂ ನಿನ್ನ ಎತ್ತು ನನ್ನ ಹೊಲ ಉತ್ತಿತ್ತು, ಈ ವರ್ಷವೂ ಉತ್ತರೆ ನಿನಗೇನು ನಷ್ಟ ಅನ್ನುವ ಗೌಡನ ಲೆಕ್ಕ.

ಅಷ್ಟು ಸಾಲ ಮಾಡುವಾಗಲೂ ಉಳಿತಾಯ ಇಲ್ಲವೆಂದಲ್ಲ, ಇದೆ. ಬಡವರ ವೈದ್ಯಸಹಾಯವಾದ ಮೆಡಿಕೇಡ್‌ನಿಂದ ಹತ್ತು ವರ್ಷದಲ್ಲಿ ಸುಮಾರು 90 ಸಾವಿರ ಕೋಟಿ ಡಾಲರ್. ಅನ್ನದ ಚೀಟಿಗೆ 64 ವರ್ಷದ ತನಕ ದುಡಿಮೆಯ ರುಜುವಾತು ಕೇಳುವ ಷರತ್ತು. 2034ರ ಹೊತ್ತಿಗೆ ಸುಮಾರು 1 ಕೋಟಿ ಜನ ಹೆಚ್ಚಿಗೆ ವಿಮೆ ಇಲ್ಲದವರಾಗುತ್ತಾರೆ ಅಂತ ಅದೇ ಬಜೆಟ್ ಕಚೇರಿ ಹೇಳಿತು. ಅದೇ ಕಚೇರಿ 2025ರ ಆಗಸ್ಟಿನಲ್ಲಿ ಇನ್ನೊಂದು ಲೆಕ್ಕ ಕೊಟ್ಟಿತು: ದೇಶದ ಅತಿ ಕೆಳಗಿನ ಹತ್ತನೇ ಒಂದು ಪಾಲು ಮನೆಗಳು ವರ್ಷಕ್ಕೆ ಸರಾಸರಿ ಸುಮಾರು 1,200 ಡಾಲರ್ ಕಳೆದುಕೊಳ್ಳುತ್ತವೆ, ಅತಿ ಮೇಲಿನ ಹತ್ತನೇ ಒಂದು ಪಾಲಿಗೆ ಸುಮಾರು 13,600 ಡಾಲರ್ ಲಾಭ. ಯಾರಿಂದ ತೆಗೆದಿರಿ, ಯಾರಿಗೆ ಕೊಟ್ಟಿರಿ ಎಂಬ ಪ್ರಶ್ನೆಗೆ ಸರ್ಕಾರಿ ಮುದ್ರೆಯ ಉತ್ತರವೇ ಸಿಕ್ಕಿದೆ.

ನಿಜವಾದ ಜಿಪುಣರು ಆ ಪಕ್ಷದಲ್ಲಿ ಸತ್ತೇ ಹೋಗಿದ್ದಾರೆ ಅನ್ನಬಾರದು. ಸಾಲ ಬೆಳೆಯುತ್ತದೆ ಎಂಬ ಕಾರಣಕ್ಕೇ ಸೆನೆಟ್ಟಿನಲ್ಲಿ ರ‍್ಯಾಂಡ್ ಪಾಲ್, ಕೆಳಮನೆಯಲ್ಲಿ ಥಾಮಸ್ ಮ್ಯಾಸಿ ವಿರುದ್ಧ ಓಟು ಹಾಕಿದರು. ಆದರೆ ಬಡವರ ಮೇಲಿನ ಕತ್ತರಿ ಇನ್ನೂ ಜೋರಾಗಿ ಆಡಬೇಕು ಎಂಬುದು ಅವರ ನಿಲುವು. ಸೆನೆಟ್ಟಿನಲ್ಲಿ 50–50 ಸಮವಾಗಿ, ಉಪಾಧ್ಯಕ್ಷ ವ್ಯಾನ್ಸ್ ಓಟು ಹಾಕಿ ಮಸೂದೆ ಗೆಲ್ಲಿಸಿದ. ಇನ್ನು ಡೆಮಾಕ್ರಟರನ್ನು ನಾವು ಹೆಗಲ ಮೇಲೆ ಹೊರುವ ಅಗತ್ಯವಿಲ್ಲ. 1935ರ ಸಾಮಾಜಿಕ ಭದ್ರತೆಯ ಕಾನೂನಿನಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ, ಅಂದರೆ ದಕ್ಷಿಣದ ಬಹುಪಾಲು ಕಪ್ಪು ದುಡಿಮೆಗಾರರನ್ನು, ಹೊರಗಿಟ್ಟದ್ದು ಅವರ ಕಾಲದಲ್ಲಿ. 1996ರಲ್ಲಿ ಬಡ ತಾಯಂದಿರ ನೆರವಿನ ಹಕ್ಕನ್ನು ತೆಗೆದ ರಿಪಬ್ಲಿಕನ್ ಮಸೂದೆಗೆ ಸಹಿ ಹಾಕಿದವನು ಕ್ಲಿಂಟನ್.

ಇನ್ನೊಂದು ಮಾತು ಈ ಲೆಕ್ಕದಲ್ಲಿ ಸಾಮಾನ್ಯವಾಗಿ ಯಾರೂ ಎತ್ತುವುದಿಲ್ಲ. 2025ರ ಅಕ್ಟೋಬರಿನಲ್ಲಿ ಅಮೆರಿಕಾದ ಸಾಲ 38 ಲಕ್ಷ ಕೋಟಿ ಡಾಲರ್ ದಾಟಿತು. 2024ರಲ್ಲೇ ಬಡ್ಡಿಗೆ ಹೋದ ಹಣ ಸೈನ್ಯಕ್ಕೆ ಹೋದದ್ದಕ್ಕಿಂತ ಹೆಚ್ಚಾಗಿತ್ತು. ಬಡ್ಡಿ ಹೋಗುವುದು ಸರ್ಕಾರಕ್ಕೆ ಸಾಲ ಕೊಟ್ಟವನಿಗೆ. ಸಾಲಪತ್ರ ಇಟ್ಟುಕೊಂಡವರಲ್ಲಿ ಹೊರದೇಶಗಳಿವೆ, ಪಿಂಚಣಿ ನಿಧಿಗಳಿವೆ, ಅವುಗಳ ಜೊತೆ ದುಡ್ಡು ಮಿಕ್ಕ ಧನಿಕರಿದ್ದಾರೆ. ಈ ಧನಿಕನಿಂದ ಮೊದಲು ತೆರಿಗೆ ಅಂತ ತೆಗೆದುಕೊಳ್ಳುತ್ತಿದ್ದ ದುಡ್ಡನ್ನು ಬಿಟ್ಟುಕೊಟ್ಟು, ಅದೇ ದುಡ್ಡನ್ನು ಅವನ ಹತ್ತಿರ ಸಾಲವಾಗಿ ತಂದು, ಅದಕ್ಕೆ ಬಡ್ಡಿ ಕಟ್ಟಿ, ಬಡ್ಡಿ ಕಟ್ಟಿ ಸೋತೆವು ಅಂತ ಮಕ್ಕಳ ಊಟಕ್ಕೆ ಕತ್ತರಿ ಹಾಕುವುದು! ಜೀತದ ಮನೆಯಲ್ಲಿ ಹುಟ್ಟಿದ ಯಾವ ಮುದುಕಿಯನ್ನು ಕೇಳಿದರೂ ಈ ಲೆಕ್ಕದ ಒಳಗುಟ್ಟು ಹೇಳುತ್ತಾಳೆ. ಹುಂಡಿ ಬರಿದಾದದ್ದು ಇವರ ಸಿದ್ಧಾಂತದ ಸೋಲು ಅಂತ ನಾವು ತಿಳಿದಿದ್ದೇವೆ. ಬರಿದಾದ ಹುಂಡಿಯೇ ಅವರಿಗೆ ಬೇಕಾದದ್ದು. ಅದನ್ನು ಮಗುಚಿ ತೋರಿಸಿ 'ಇಲ್ಲ ನೋಡು' ಅನ್ನಬಹುದು.

ಕೊನೆಯದಾಗಿ ಕೆಲವು ತಾರೀಖುಗಳನ್ನು ಗಮನಿಸಿ. 2025ರ ಕಾನೂನಿನ ಬಹುಪಾಲು ಹೊಸ ತೆರಿಗೆ ರಿಯಾಯಿತಿಗಳು ಆ ವರ್ಷದ ಆದಾಯಕ್ಕೇ ಲಾಗೂ ಆದವು. ಅಮೆರಿಕಾ ಸಂಸತ್ತಿನ ಚುನಾವಣೆಗೆ ಗೊತ್ತಾದ ದಿನ 2026ರ ನವೆಂಬರ್ 3. ತಿಂಗಳಿಗೆ 80 ಗಂಟೆ ದುಡಿದ ರುಜುವಾತು ತೋರಿಸದ ಬಡವನಿಗೆ ವೈದ್ಯಸಹಾಯ ನಿಲ್ಲಿಸುವ ಷರತ್ತನ್ನು ಜಾರಿಗೆ ತರಲು ರಾಜ್ಯಗಳಿಗೆ ಆ ಕಾನೂನು ಕೊಟ್ಟ ಗಡುವು 2027ರ ಜನವರಿ 1.